ಕೊಳಗ ಯಾರದ್ದು? ಶಾಂತವೇರಿ ಗೋಪಾಲಗೌಡರು ಮತ್ತು ನಮ್ಮ ಕೈಯ ಬ್ಯಾಂಡು

ಕಳೆದ ಸೆಮಿಸ್ಟರಿನಲ್ಲಿ ನಮ್ಮ ಹಾಸ್ಟೆಲ್ ಬ್ಲಾಕಿನಲ್ಲಿ ಒಂದು ಸ್ಟೆಪ್ ಚಾಲೆಂಜ್ ನಡೀತು. ದಿನಕ್ಕೆ 10,000 ಹೆಜ್ಜೆ, 30 ದಿನ, ಸೋತವರು ಗೆದ್ದವರಿಗೆ ಮಸಾಲೆದೋಸೆ ಕೊಡಿಸಬೇಕು. ಮೊದಲ ವಾರವೇ ಜಗಳ ಶುರು. ಗ್ರೌಂಡಿನಲ್ಲಿ ಜೊತೆಜೊತೆಗೇ ನಡೆದ ಇಬ್ಬರ ಬ್ಯಾಂಡಿನಲ್ಲಿ 800 ಹೆಜ್ಜೆ ವ್ಯತ್ಯಾಸ. ಇನ್ನೊಬ್ಬ ಮಂಚದ ಮೇಲೆ ಕೂತು ಕೈ ಅಲ್ಲಾಡಿಸಿಯೇ ಸಾವಿರ ದಾಟಿಸಿದ್ದ. ಯಾರ ಬ್ಯಾಂಡ್ ಸರಿ ಅಂತ ತೀರ್ಮಾನ ಆಗಲೇ ಇಲ್ಲ, ಚಾಲೆಂಜ್ ನಿಂತುಹೋಯ್ತು. ದೋಸೆ ಅವರವರ ದುಡ್ಡಲ್ಲೇ ತಿಂದ್ವಿ.

ರಜೆಯಲ್ಲಿ ಸಾಗರದ ಕಡೆಯ ನಮ್ಮೂರಿಗೆ ಹೋದಾಗ ಅಜ್ಜನಿಗೆ ಈ ಕಥೆ ಹೇಳಿದ್ವಿ. ಅವರು ನಕ್ಕು, ಅಟ್ಟದಿಂದ ಒಂದು ಹಳೇ ಕೊಳಗ ಇಳಿಸಿ ಮುಂದಿಟ್ಟರು. ಅಳತೆಯ ಜಗಳ ನಿಮ್ಮ ಕಾಲದ್ದಲ್ಲ, ಗೋಪಾಲಗೌಡರ ಕಾಲದ್ದು ಅಂದರು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಆ ಹೆಸರು ಕೇಳಿ ಗೊತ್ತಿತ್ತು, ಮನುಷ್ಯ ಗೊತ್ತಿರಲಿಲ್ಲ. ಆಮೇಲೆ ಓದಿ, ಕೇಳಿ ತಿಳ್ಕೊಂಡಿದ್ದನ್ನ ಇಲ್ಲಿ ಹಂಚಿಕೊಳ್ತಾ ಇದ್ದೀವಿ.

ಶಾಂತವೇರಿ ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. ಸಾಧಾರಣ ರೈತ ಕುಟುಂಬ. 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ಶುರುವಾದಾಗ ಅವರು ಇನ್ನೂ ವಿದ್ಯಾರ್ಥಿ. ಚಳವಳಿಗೆ ಇಳಿದು ಜೈಲು ಸೇರಿದರು. ಲೆಕ್ಕ ಹಾಕಿ ನೋಡಿ, ಆಗ ಅವರಿಗೆ ಹತ್ತೊಂಬತ್ತು ವರ್ಷ. ಈಗ ನಮ್ಮ ವಯಸ್ಸೂ ಅಷ್ಟೇ. ನಾವು ಇಂಟರ್ನಲ್ಸ್ ಮಾರ್ಕ್ಸಿಗೆ ಹೆದರುವ ವಯಸ್ಸಲ್ಲಿ ಅವರು ಜೈಲು ನೋಡಿದ್ದರು. ಆಮೇಲೆ ರಾಮಮನೋಹರ ಲೋಹಿಯಾ ಅವರ ವಿಚಾರಗಳ ಕಡೆ ಒಲಿದು ಸಮಾಜವಾದಿ ಪಕ್ಷದಲ್ಲಿ ಕೆಲಸ ಮಾಡಿದರು.

ಈಗ ಕೊಳಗದ ವಿಷಯಕ್ಕೆ ಬರೋಣ. ಕೊಳಗ ಅಂದ್ರೆ ಭತ್ತ ಅಳೆಯುವ ಪಾತ್ರೆ. ಇಪ್ಪತ್ತು ಕೊಳಗ ಸೇರಿದರೆ ಒಂದು ಖಂಡುಗ. ಮಲೆನಾಡಿನಲ್ಲಿ ಆಗ ಗದ್ದೆ ಒಬ್ಬರದ್ದು, ಉಳುಮೆ ಇನ್ನೊಬ್ಬರದ್ದು. ಗೇಣಿದಾರ ಬೆಳೆದ ಭತ್ತದಲ್ಲಿ ಒಡೆಯನಿಗೆ ವರ್ಷಕ್ಕೆ ಇಷ್ಟು ಖಂಡುಗ ಅಂತ ಗೇಣಿ ಅಳೆದು ಕೊಡಬೇಕಿತ್ತು. ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರ ದೂರು ಏನಂದ್ರೆ, ಗೇಣಿ ಅಳೆಸಿಕೊಳ್ಳುವ ಕೊಳಗ ರೂಢಿಯ ಕೊಳಗಕ್ಕಿಂತ ದೊಡ್ಡದು ಅನ್ನೋದು.

ನಾವು ಇಂಜಿನಿಯರಿಂಗ್‌ನವರು, ಒಂದು ಸಣ್ಣ ಲೆಕ್ಕ ಮಾಡೋಣ. ಗೇಣಿ ಹತ್ತು ಖಂಡುಗ, ಅಂದ್ರೆ 200 ಕೊಳಗ ಅಂದುಕೊಳ್ಳಿ. ಪಾತ್ರೆ ಎಂಟನೇ ಒಂದು ಭಾಗ ದೊಡ್ಡದಿದ್ದರೆ ಎಣಿಕೆ 200ಕ್ಕೇ ನಿಲ್ಲುತ್ತೆ, ಆದರೆ 25 ಕೊಳಗ ಭತ್ತ ಹೆಚ್ಚಿಗೆ ಹೋಗಿರುತ್ತೆ. ಎಣಿಸಿದವನು ಸುಳ್ಳು ಹೇಳಿಲ್ಲ, ಬರೆದ ಲೆಕ್ಕವೂ ಸರಿ. ತಪ್ಪು ಇರೋದು ಪಾತ್ರೆಯಲ್ಲಿ. ಲ್ಯಾಬಿನಲ್ಲಿ ನಾವು ಕಲಿಯುವ ಸಿಸ್ಟಮ್ಯಾಟಿಕ್ ಎರರ್ ಇದೇ. ಎಷ್ಟು ಸಲ ಅಳೆದರೂ ಅದು ಒಂದೇ ಕಡೆಗೆ ವಾಲುತ್ತೆ, ಆವರೇಜ್ ತೆಗೆದರೂ ಹೋಗಲ್ಲ.

ಕಾಗೋಡಿನ ಗೇಣಿದಾರರನ್ನು ಮೊದಲು ಸಂಘಟಿಸಿದವರು ಎಚ್. ಗಣಪತಿಯಪ್ಪ. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯ್ತು. ಉಳಬಾರದು ಅಂದ ಗದ್ದೆಗೆ ರೈತರು ನೇಗಿಲು ಹಿಡಿದು ಇಳಿದರು, ಬಂಧನಕ್ಕೊಳಗಾದರು. ಸಮಾಜವಾದಿ ಪಕ್ಷ ಅವರ ಬೆನ್ನಿಗೆ ನಿಂತಿತು. ಹಾಗೆ ಮುಂದೆ ನಿಂತವರಲ್ಲಿ ಗೋಪಾಲಗೌಡರು ಪ್ರಮುಖರು. ಜೂನ್‌ನಲ್ಲಿ ಲೋಹಿಯಾ ಅವರೇ ಸಾಗರಕ್ಕೆ ಬಂದು ಬಂಧನಕ್ಕೊಳಗಾದ ಮೇಲೆ ಈ ಪುಟ್ಟ ಹಳ್ಳಿಯ ಕೊಳಗದ ಜಗಳ ದೇಶಕ್ಕೆಲ್ಲ ಗೊತ್ತಾಯ್ತು.

ಮರುವರ್ಷ, 1952ರಲ್ಲಿ, ಮೊದಲ ಸಾರ್ವತ್ರಿಕ ಚುನಾವಣೆ. ಸಾಗರ-ಹೊಸನಗರ ಕ್ಷೇತ್ರದಿಂದ ಗೋಪಾಲಗೌಡರು ನಿಂತರು. ಕೈಯಲ್ಲಿ ದುಡ್ಡಿಲ್ಲ. ಜನರ ಹತ್ತಿರ ಒಂದು ಓಟಿನ ಜೊತೆ ಒಂದು ನೋಟನ್ನೂ ಕೇಳಿ ಪ್ರಚಾರ ಮಾಡಿದರು ಅಂತ ನಮ್ಮ ಕಡೆ ಇವತ್ತಿಗೂ ಹೇಳ್ತಾರೆ. ಗೆದ್ದು ಮೈಸೂರು ವಿಧಾನಸಭೆಗೆ ಹೋದರು. 1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. ಉಳುವವನಿಗೇ ಭೂಮಿ ಸಿಗಬೇಕು, ಆಡಳಿತ ಕನ್ನಡದಲ್ಲಿ ನಡೆಯಬೇಕು, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಡಬೇಕು ಅಂತ ಸದನದಲ್ಲಿ ವಾದಿಸಿದರು.

ಆದರೆ ತಮ್ಮ ದೇಹದ ಲೆಕ್ಕ ಮಾತ್ರ ಅವರಿಗೆ ಕೈಕೊಟ್ಟಿತು. ಅನಾರೋಗ್ಯದಿಂದ ಬಳಲಿ 1972ರ ಜೂನ್ 9ರಂದು ತೀರಿಕೊಂಡರು. ವಯಸ್ಸು ಬರೀ 49. 1973ರ ನವೆಂಬರ್ 1ಕ್ಕೆ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಯ್ತು. 1974ರಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ಜಾರಿಗೆ ಬಂದು ಗೇಣಿದಾರರು ಜಮೀನಿನ ಒಡೆಯರಾದರು. ಎರಡನ್ನೂ ನೋಡಲು ಗೌಡರು ಇರಲಿಲ್ಲ. ಇದನ್ನ ಓದಿದಾಗ ನಮಗೆ ನಿಜವಾಗಿ ಬೇಜಾರಾಯ್ತು. ಅವರ ಕಾಲದಲ್ಲಿ ಎದೆಬಡಿತ ನೋಡ್ಕೊಳ್ಳೋ ವಾಚ್ ಇದ್ದಿದ್ರೆ ಇನ್ನೊಂದಷ್ಟು ವರ್ಷ ಬದುಕ್ತಿದ್ದರಾ ಅನ್ನೋ ಯೋಚನೆಯೂ ಬಂತು. ಅದಕ್ಕೆ ಉತ್ತರ ಇಲ್ಲ. ಆದ್ರೆ ಆ ಯೋಚನೆಯೇ ನಮ್ಮನ್ನ ಮತ್ತೆ ಕೈಯ ಬ್ಯಾಂಡಿಗೆ ತಂದು ನಿಲ್ಲಿಸಿತು.

ಬ್ಯಾಂಡ್ ನಮ್ಮ ಹೆಜ್ಜೆಯನ್ನ ಕಣ್ಣಾರೆ ನೋಡಲ್ಲ. ಒಳಗಿರುವ ಆಕ್ಸೆಲೆರೋಮೀಟರ್ ಕೈಯ ಅಲುಗಾಟ ಅಳೆಯುತ್ತೆ, ಅದರಲ್ಲಿ ಹೆಜ್ಜೆಯಂತೆ ಕಾಣೋದನ್ನ ಅಲ್ಗಾರಿದಮ್ ಎಣಿಸುತ್ತೆ. ಮಂಚದ ಮೇಲೆ ಕೂತವನು ಸಾವಿರ ದಾಟಿದ್ದು ಹೀಗೆ. ಹಿಂಬದಿಯ ಹಸಿರು ಬೆಳಕು ಚರ್ಮದೊಳಗೆ ಹೋಗಿ, ರಕ್ತ ಎಷ್ಟು ಹೀರಿಕೊಳ್ತು ಅನ್ನೋದರ ಮೇಲೆ ಎದೆಬಡಿತ ಲೆಕ್ಕ ಹಾಕುತ್ತೆ. ಇದು ಸಾಕಷ್ಟು ಚೆನ್ನಾಗೇ ಕೆಲಸ ಮಾಡುತ್ತೆ. ಆದರೆ ಕ್ಯಾಲೊರಿ ಬೇರೆ ಕಥೆ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಏಳು ಸಾಧನಗಳನ್ನ ಪರೀಕ್ಷಿಸಿದರು. ಆರು ಸಾಧನಗಳ ಎದೆಬಡಿತದ ತಪ್ಪು ಶೇ. 5ರೊಳಗಿತ್ತು. ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ಒಳ್ಳೆಯದೂ ಸರಾಸರಿ ಶೇ. 27ರಷ್ಟು ತಪ್ಪಿತ್ತು, ಕೆಟ್ಟದ್ದು ಶೇ. 93. ಆ ನಂಬರ್ ನೋಡಿ ರಾತ್ರಿ ಊಟ ಬಿಡುವ ಸ್ನೇಹಿತರು ನಮ್ಮಲ್ಲೇ ಇದ್ದಾರೆ.

ಇನ್ನು 10,000 ಹೆಜ್ಜೆ ಅನ್ನೋ ಗುರಿ? 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಪೆಡೋಮೀಟರ್‌ನ ಹೆಸರೇ ಹತ್ತು ಸಾವಿರ ಹೆಜ್ಜೆಯ ಮೀಟರ್ ಅಂತಿತ್ತು. ಡಾಕ್ಟರು ಬರೆದುಕೊಟ್ಟಿದ್ದು ಅಂತ ನಾವು ನಂಬಿದ ಸಂಖ್ಯೆ ಹೊರಟಿದ್ದು ಅಂಗಡಿಯಿಂದ.

ಈಗ ಇದರ ಮೇಲೆ ಎಐ ಕೋಚ್ ಬಂದು ಕೂತಿದೆ. ನಿದ್ದೆ, ಎದೆಬಡಿತ, ನಡಿಗೆ ಎಲ್ಲ ಸೇರಿಸಿ ಬೆಳಗ್ಗೆ ಒಂದು ಸ್ಕೋರ್ ಕೊಡುತ್ತೆ, ಇವತ್ತು ಓಡಿ ಅಥವಾ ಮಲಗಿ ಅನ್ನುತ್ತೆ. ಯಾವುದಕ್ಕೆ ಎಷ್ಟು ತೂಕ ಕೊಟ್ಟಿದೆ, ಯಾರ ದೇಹಗಳ ಡೇಟಾದಿಂದ ಕಲಿತಿದೆ ಅನ್ನೋದನ್ನ ಸಾಮಾನ್ಯವಾಗಿ ಪೂರ್ತಿ ಹೇಳಲ್ಲ. ಅಂದ್ರೆ ಭತ್ತ ನಮ್ಮದು, ಕೊಳಗ ಅವರದ್ದು.

ಹಾಗಂತ ಬ್ಯಾಂಡ್ ಬಿಚ್ಚಿ ಎಸೀರಿ ಅಂತ ನಾವು ಹೇಳ್ತಿಲ್ಲ. ಕಾಗೋಡಿನವರೂ ಅಳತೆಯೇ ಬೇಡ ಅನ್ನಲಿಲ್ಲ. ಎಲ್ಲರಿಗೂ ಒಂದೇ ಆದ, ಸರಿಯಾದ ಕೊಳಗ ಕೇಳಿದರು. ನಾವೂ ಅಷ್ಟು ಮಾಡಬಹುದು. ನೂರು ಹೆಜ್ಜೆ ಬಾಯಲ್ಲಿ ಎಣಿಸಿ ನಡೆದು ಬ್ಯಾಂಡ್ ಎಷ್ಟು ತೋರಿಸುತ್ತೆ ನೋಡಿ. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒಂದು ನಿಮಿಷ ನಾಡಿ ಎಣಿಸಿ ತಾಳೆ ಹಾಕಿ. ಒಂದು ದಿನದ ನಂಬರಿಗೆ ಹೆದರದೆ ತಿಂಗಳ ಏರಿಳಿತ ಗಮನಿಸಿ. ಪಕ್ಕದವನ ಬ್ಯಾಂಡಿನ ಜೊತೆ ಹೋಲಿಸಬೇಡಿ, ಎರಡು ಬೇರೆ ಕೊಳಗ ಅವು. ಎದೆಬಡಿತದಲ್ಲಿ ಏನಾದರೂ ಎಡವಟ್ಟು ಪದೇ ಪದೇ ತೋರಿಸಿದರೆ ಆ್ಯಪ್‌ನ ಕೇಳದೆ ಡಾಕ್ಟರ ಹತ್ತಿರ ಹೋಗಿ. ಡೇಟಾ ಎಲ್ಲಿ ಹೋಗುತ್ತೆ ಅಂತ ಕೇಳಿ. ನಮ್ಮ ದೇಶದಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆಗಿದೆ, ಡೇಟಾ ಅಳಿಸಿ ಅಂತ ಕೇಳುವ ಹಕ್ಕಿನ ಮಾತು ಅದರಲ್ಲಿದೆ.

ಅದಕ್ಕಿಂತ ಹೆಚ್ಚಾಗಿ, ನಾಳೆ ಇಂಥ ಸಾಧನಗಳನ್ನ ತಯಾರಿಸುವ ಕಂಪನಿಗಳಲ್ಲಿ ಕೆಲಸಕ್ಕೆ ಸೇರೋರು ನಾವೇ. ಕೋಡ್ ಬರೆಯೋರೂ ನಾವೇ, ಅಂದ್ರೆ ಕೊಳಗ ಮಾಡೋರು ನಾವೇ. ಆಗ ಕಾಗೋಡು ನೆನಪಿರಲಿ.

ಈ ಸೆಮಿಸ್ಟರಿನಲ್ಲಿ ಸ್ಟೆಪ್ ಚಾಲೆಂಜ್ ಮತ್ತೆ ಶುರು ಮಾಡಿದ್ದೀವಿ. ಹೆಜ್ಜೆ ಲೆಕ್ಕ ಬಿಟ್ಟು ಗ್ರೌಂಡಿನ ಸುತ್ತು ಎಣಿಸ್ತಿದ್ದೀವಿ. ಟ್ರ್ಯಾಕ್ ಎಲ್ಲರಿಗೂ ಒಂದೇ ಅಳತೆ. ಸಂಜೆ ಐದೂವರೆಗೆ ಬನ್ನಿ, ದೋಸೆ ಇನ್ನೂ ಬಾಕಿ ಇದೆ.