ಜಾವಾ ಹೆಸರಿನ ಹಿಂದಿದ್ದ ಮನುಷ್ಯ: ಫ್ರಾಂಟಿಶೆಕ್ ಯಾನೆಚೆಕ್

ಧರ್ಮಪುರಿ, ಸೇಲಂ ಜಿಲ್ಲೆಗಳ ಗಡಿ ಊರುಗಳಲ್ಲಿ ಜಾವಾ ಬೈಕಿನ ಸದ್ದು ಗೊತ್ತಿಲ್ಲದ ಹಿರಿಯರು ಕಡಿಮೆ. ಮೆಟ್ಟೂರು, ಕೊಳತ್ತೂರು ದಾಟಿ ಪಾಲಾರ್ ಮೇಲೆ ಮಾದಪ್ಪನ ಬೆಟ್ಟ ಹತ್ತಿ ಇಳಿದರೆ ಕೊಳ್ಳೇಗಾಲ, ಅಲ್ಲಿಂದ ಮುಂದೆ ಮೈಸೂರು. ಆ ಮೈಸೂರಿನಲ್ಲೇ ಈ ಬೈಕು ತಯಾರಾಗುತ್ತಿತ್ತು. ಆದರೆ ಅದಕ್ಕೆ ತನ್ನ ಹೆಸರಿನ ಮೊದಲ ಅಕ್ಷರ ಕೊಟ್ಟ ವ್ಯಕ್ತಿ, ಮೈಸೂರು ಕಾರ್ಖಾನೆ ಶುರುವಾಗುವ 20 ವರ್ಷ ಮೊದಲೇ ದೂರದ ಯುರೋಪಿನಲ್ಲಿ ತೀರಿಕೊಂಡಿದ್ದರು.

ಅವರ ಹೆಸರು ಫ್ರಾಂಟಿಶೆಕ್ ಯಾನೆಚೆಕ್. ಹಳೆಯ ಜಾವಾ ಅಸಲಿಯೋ ನಕಲಿಯೋ ಎಂದು ಇವತ್ತು ಪರೀಕ್ಷೆ ಮಾಡುವವರು ಅವರ ಬದುಕನ್ನು ತಿಳಿದಿರಬೇಕು. ಏಕೆಂದರೆ ಅಸಲಿ ಎಂದರೆ ಏನು ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಬಾಂಬಿನಿಂದ ಬೈಕಿಗೆ

ಯಾನೆಚೆಕ್ ಹುಟ್ಟಿದ್ದು 1878ರ ಜನವರಿ 23ರಂದು, ಬೊಹೆಮಿಯಾದ ಒಂದು ಹಳ್ಳಿಯಲ್ಲಿ. ಆಗ ಅದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿತ್ತು. ಎಂಜಿನಿಯರಿಂಗ್ ಓದಿದರು, ಕೆಲಕಾಲ ಬೇರೆಯವರ ಕೈಕೆಳಗೆ ದುಡಿದರು. 1909ರ ಹೊತ್ತಿಗೆ ಪ್ರಾಗ್ ನಗರದಲ್ಲಿ ಸ್ವಂತ ವರ್ಕ್‌ಶಾಪ್ ಹಾಕಿದರು. ಮೊದಲ ಮಹಾಯುದ್ಧ ಬಂದಾಗ ಅವರ ಬುದ್ಧಿ ಆಯುಧಗಳ ಕಡೆ ತಿರುಗಿತು. ಕೈಬಾಂಬಿನ ವಿನ್ಯಾಸ ಅವರಿಗೆ ಹೆಸರನ್ನೂ ಹಣವನ್ನೂ ತಂದಿತು. ಹತ್ತಾರು ಪೇಟೆಂಟ್‌ಗಳು ಅವರ ಹೆಸರಿಗೆ ಬಂದವು.

ಯುದ್ಧ ಮುಗಿದು ಚೆಕೊಸ್ಲೊವಾಕಿಯಾ ಎಂಬ ಹೊಸ ದೇಶ ಹುಟ್ಟಿತು. ಯಾನೆಚೆಕ್ ಸಾಜಾವಾ ನದಿ ದಂಡೆಯ ಟಿನೆಟ್ಸ್ ಊರಿನಲ್ಲಿ ಕಾರ್ಖಾನೆ ನಡೆಸಿದರು. 1920ರ ದಶಕ ಮುಗಿಯುತ್ತ ಬಂದಂತೆ ಸೈನ್ಯದ ಆರ್ಡರ್‌ಗಳು ಕಡಿಮೆಯಾದವು. ಕಾರ್ಮಿಕರಿಗೆ ಕೆಲಸ ಬೇಕಿತ್ತು, ಯಂತ್ರಗಳು ಸುಮ್ಮನೆ ನಿಲ್ಲುವಂತಿರಲಿಲ್ಲ. ಆಗ ಅವರು ಆರಿಸಿಕೊಂಡದ್ದು ಮೋಟಾರ್ ಸೈಕಲ್.

ಹೆಸರಿನಲ್ಲೇ ಲೆಕ್ಕ

ಸ್ವಂತ ಬೈಕನ್ನು ಮೊದಲಿನಿಂದ ರೂಪಿಸಲು ವರ್ಷಗಳು ಬೇಕು. ಯಾನೆಚೆಕ್ ಅಷ್ಟು ಕಾಯಲಿಲ್ಲ. ಜರ್ಮನಿಯ ವಾಂಡರರ್ ಕಂಪನಿ ಬೈಕು ತಯಾರಿಕೆ ಬಿಡುವ ಯೋಚನೆಯಲ್ಲಿತ್ತು. ಅವರ 500 ಸಿಸಿ ಬೈಕಿನ ಹಕ್ಕನ್ನೇ ಕೊಂಡರು. 1929ರಲ್ಲಿ ಅದು ಹೊಸ ಹೆಸರಿನಲ್ಲಿ ಹೊರಬಂತು. ಯಾನೆಚೆಕ್‌ನ ಮೊದಲ ಎರಡು ಅಕ್ಷರ, ವಾಂಡರರ್‌ನ ಮೊದಲ ಎರಡು ಅಕ್ಷರ. ಇಂಗ್ಲಿಷ್ ಅಕ್ಷರದಲ್ಲಿ ಕೂಡಿಸಿ ಓದಿದರೆ ಜಾವಾ. ಚೆಕ್ ಜನ ಅದನ್ನು ಯಾವಾ ಎನ್ನುತ್ತಾರೆ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಬೇರೆಯವರ ಬೈಕನ್ನು ತಂದು ತನ್ನ ಹೆಸರು ಮಾತ್ರ ಅಂಟಿಸುವುದು ಅವರಿಗೆ ಸುಲಭವಿತ್ತು. ಅವರು ಹಾಗೆ ಮಾಡದೆ ಮೂಲದವರ ಹೆಸರನ್ನೂ ಸೇರಿಸಿದರು. ಬೈಕು ಎಲ್ಲಿಂದ ಬಂತು ಎಂಬ ಲೆಕ್ಕ ಅದರ ಟ್ಯಾಂಕಿನ ಮೇಲೇ ಉಳಿಯಿತು.

ಆ ಮೊದಲ ಬೈಕು ಮಾತ್ರ ಕೈಹಿಡಿಯಲಿಲ್ಲ. ಚೈನ್ ಬದಲು ಶಾಫ್ಟ್, ಒತ್ತಿದ ಉಕ್ಕಿನ ತಗಡಿನ ಚೌಕಟ್ಟು, ಎಲ್ಲವೂ ದುಬಾರಿ. ರಿಪೇರಿಯ ತಾಪತ್ರಯವೂ ಇತ್ತು. ಅಷ್ಟರಲ್ಲಿ ಜಗತ್ತಿಗೆಲ್ಲ ಆರ್ಥಿಕ ಮುಗ್ಗಟ್ಟು ಬಂತು. ಯಾನೆಚೆಕ್ ಎದೆಗುಂದಲಿಲ್ಲ. ಇಂಗ್ಲೆಂಡಿನ ವಿನ್ಯಾಸಕಾರ ಜಾರ್ಜ್ ಪ್ಯಾಚೆಟ್ ಅವರನ್ನು ಕರೆಸಿಕೊಂಡರು. 1932ರಲ್ಲಿ ಇಂಗ್ಲೆಂಡಿನ ವಿಲಿಯರ್ಸ್ ಎಂಜಿನ್ ಕೂರಿಸಿದ 175 ಸಿಸಿ ಬೈಕು ಬಂತು. ಹಗುರ, ಅಗ್ಗ, ಪೆಟ್ರೋಲ್ ಖರ್ಚೂ ಕಡಿಮೆ. ಸಾಮಾನ್ಯ ಜನ ಅದನ್ನು ಸಾವಿರಗಟ್ಟಲೆ ಕೊಂಡರು, ಕಂಪನಿ ಉಳಿಯಿತು. 1934ರಲ್ಲಿ ಜರ್ಮನಿಯ ಡಿಕೆಡಬ್ಲ್ಯು ಲೈಸೆನ್ಸಿನ ಮೇಲೆ ಕಾರನ್ನೂ ತಯಾರಿಸಿದರು.

ಕತ್ತಲೆಯಲ್ಲಿ ಹುಟ್ಟಿದ ಬೈಕು

1939ರಲ್ಲಿ ಹಿಟ್ಲರನ ಸೈನ್ಯ ಚೆಕ್ ನಾಡನ್ನು ಆಕ್ರಮಿಸಿತು. ಕಾರ್ಖಾನೆಗಳು ಜರ್ಮನರಿಗಾಗಿ ದುಡಿಯಬೇಕಾಯಿತು. 1941ರ ಜೂನ್‌ನಲ್ಲಿ ಯಾನೆಚೆಕ್ ತೀರಿಕೊಂಡರು. ಅವರಿಗೆ ಆಗ 63 ವರ್ಷ. ತಾವು ಕಟ್ಟಿದ ಕಂಪನಿ ಪರರ ಹಿಡಿತದಲ್ಲಿದ್ದಾಗಲೇ ಅವರ ಬದುಕು ಮುಗಿಯಿತು.

ಆದರೆ ಅವರ ಎಂಜಿನಿಯರ್‌ಗಳು ಜರ್ಮನರ ಕಣ್ಣು ತಪ್ಪಿಸಿ 250 ಸಿಸಿಯ ಹೊಸ ಬೈಕೊಂದನ್ನು ರೂಪಿಸುತ್ತಿದ್ದರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಅದು ಪ್ಯಾರಿಸ್ ಪ್ರದರ್ಶನದಲ್ಲಿ ಚಿನ್ನದ ಪದಕ ಪಡೆಯಿತು. ಹಿಂದಿನ ಚಕ್ರಕ್ಕೂ ಸ್ಪ್ರಿಂಗ್ ಇದ್ದ ಆ ಬೈಕಿಗೆ ಪೇರಾಕ್ ಎಂಬ ಹೆಸರು ಬಿತ್ತು. ಅಷ್ಟರಲ್ಲಿ ಕಂಪನಿ ಸರ್ಕಾರದ ವಶವಾಗಿತ್ತು.

ಮರುವರ್ಷ, 1947ರಲ್ಲಿ, ಜ್ಲಿನ್ ನಗರದಲ್ಲಿ ನಡೆದ ಅಂತಾರಾಷ್ಟ್ರೀಯ ಆರು ದಿನಗಳ ಟ್ರಯಲ್ ಸ್ಪರ್ಧೆಯನ್ನು ಚೆಕೊಸ್ಲೊವಾಕಿಯಾ ಗೆದ್ದಿತು. ಇದು ಬರೀ ವೇಗದ ಪಂದ್ಯವಲ್ಲ. ಕಲ್ಲು, ಕೆಸರು, ಗುಡ್ಡದ ದಾರಿಯಲ್ಲಿ ಆರು ದಿನ ಬೈಕು ಕೆಡದೆ ಓಡಬೇಕು. ಎಂಜಿನ್, ಚೌಕಟ್ಟು ಮುಂತಾದ ಮುಖ್ಯ ಭಾಗಗಳಿಗೆ ಅಧಿಕಾರಿಗಳು ಮೊದಲೇ ಬಣ್ಣದ ಗುರುತು ಹಾಕುತ್ತಿದ್ದರು. ಹೊರಟ ಬೈಕೇ ಬಂದು ಮುಟ್ಟಬೇಕು, ನಡುವೆ ಭಾಗ ಬದಲಾಯಿಸುವಂತಿಲ್ಲ. 1970ರ ದಶಕದವರೆಗೂ ಜಾವಾ ಸವಾರರು ಈ ಸ್ಪರ್ಧೆಯಲ್ಲಿ ಹೆಸರು ಮಾಡಿದರು.

ಮೈಸೂರಿನ ಕಾಲ

1954ರಲ್ಲಿ ಜಾವಾದ 353 ಮಾದರಿ ಬಂತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ಕರೂ ಗೇರೂ ಒಂದೇ ಲಿವರ್. ನಮ್ಮ ಕಡೆಯವರು ಕಂಡ ಜಾವಾ ಇದೇ. ಮೊದಲು ಇದು ವಿದೇಶದಿಂದ ಬರುತ್ತಿತ್ತು. ಆಮೇಲೆ ಫರೋಖ್ ಇರಾನಿ ಅವರ ಐಡಿಯಲ್ ಜಾವಾ ಕಂಪನಿ ಮೈಸೂರಿನ ಯಾದವಗಿರಿಯಲ್ಲಿ ಲೈಸೆನ್ಸ್ ಪಡೆದು 1961ರಿಂದ ತಯಾರಿಕೆ ಶುರು ಮಾಡಿತು. ಯಾನೆಚೆಕ್ ಅಂದು ವಾಂಡರರ್‌ನಿಂದ ಪಡೆದಂತೆ ಇಂದು ಜಾವಾದಿಂದ ಮೈಸೂರು ಪಡೆಯಿತು. 1973ರಲ್ಲಿ ಅದೇ ಕಾರ್ಖಾನೆಯ ಬೈಕು ಯೆಜ್ಡಿ ಆಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಹಟ್ಟಿಯ ಮೂಲೆಯ ಬೈಕು ಅಸಲಿಯೇ?

ಈಗ ಹಳೆ ಜಾವಾಕ್ಕೆ ಬೆಲೆ ಬಂದಿದೆ. ಅದರ ಜೊತೆ ಮೋಸವೂ ಬಂದಿದೆ. ಮೈಸೂರು ಬೈಕನ್ನು ಚೆಕ್ ಬೈಕು ಎಂದು ಮಾರುವವರಿದ್ದಾರೆ. ಮಾಮೂಲಿ ಬೈಕಿನ ಸೈಲೆನ್ಸರ್ ಮೇಲಕ್ಕೆತ್ತಿ, ಅಗಲ ಹ್ಯಾಂಡಲ್, ಗುಬಟು ಟೈರ್ ಹಾಕಿ ಟ್ರಯಲ್ ಬೈಕು ಎನ್ನುವವರೂ ಇದ್ದಾರೆ. ಇನ್ನೊಂದು ಕಡೆ, ಬೆಲೆ ತಿಳಿಯದೆ ಅಪ್ಪನ ಕಾಲದ ಒಳ್ಳೆಯ ಬೈಕನ್ನು ಗುಜರಿಗೆ ತೂಕಕ್ಕೆ ಹಾಕಿದ ಮನೆಗಳೂ ಇವೆ.

ಪರೀಕ್ಷೆಯ ಮೊದಲ ಹೆಜ್ಜೆ ವರ್ಷದ ಲೆಕ್ಕ. 1965ರ ಯೆಜ್ಡಿ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು, ಆಗ ಆ ಹೆಸರೇ ಇರಲಿಲ್ಲ. 1958ರ ಜಾವಾ ಎಂದರೆ ಅದು ವಿದೇಶದ್ದೇ ಆಗಿರಬೇಕು, ಮೈಸೂರಿನದಾಗಲು ಸಾಧ್ಯವಿಲ್ಲ.

ಎರಡನೆಯದು ನಂಬರ್. ಎಂಜಿನ್ ಮೇಲಿನ ನಂಬರ್, ಚಾಸಿಸ್ ಮೇಲಿನ ನಂಬರ್, ಆರ್‌ಸಿ ಪುಸ್ತಕದ ನಂಬರ್ ಮೂರನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಅಂಕಿಗಳ ಸಾಲು ಸೊಟ್ಟಗಿದ್ದರೆ, ಕೆಳಗಿನ ಲೋಹ ಅರ ಹಾಕಿ ಉಜ್ಜಿದಂತೆ ತೆಳುವಾಗಿದ್ದರೆ ಅನುಮಾನ ಪಡಬೇಕು. ಟ್ರಯಲ್ ಬೈಕು ಎಂದರೆ ಬಣ್ಣದ ಕೆಳಗೆ ಹೊಸ ವೆಲ್ಡಿಂಗ್ ಇದೆಯೇ ಎಂದು ನೋಡಬೇಕು. ಕಾರ್ಖಾನೆ ಸ್ಪರ್ಧೆಗೆಂದು ಮಾಡಿದ ಬೈಕುಗಳು ಸಂಖ್ಯೆಯಲ್ಲಿ ಕಡಿಮೆ. ದಾಖಲೆ ಇಲ್ಲದೆ ಬಾಯಿಮಾತನ್ನು ನಂಬಬಾರದು.

ಮೂರನೆಯದು ಕಾಗದ. ಧರ್ಮಪುರಿ ಜಿಲ್ಲೆ ಸೇಲಂನಿಂದ ಬೇರೆಯಾದದ್ದು 1965ರಲ್ಲಿ, ಕೃಷ್ಣಗಿರಿ ಬೇರೆಯಾದದ್ದು 2004ರಲ್ಲಿ. ಮದ್ರಾಸ್ ರಾಜ್ಯಕ್ಕೆ ತಮಿಳುನಾಡು ಎಂಬ ಹೆಸರು ಬಂದದ್ದು 1969ರಲ್ಲಿ, ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರಲ್ಲಿ. ಆದ್ದರಿಂದ 1963ರ ಮೂಲ ಕಾಗದ ಎಂದು ತೋರಿಸಿದ್ದರಲ್ಲಿ ಧರ್ಮಪುರಿ ಜಿಲ್ಲೆ, ತಮಿಳುನಾಡು ಅಥವಾ ಕರ್ನಾಟಕ ಎಂದಿದ್ದರೆ ಅದು ಆ ಕಾಲದ್ದಲ್ಲ.

ಈ ಪರೀಕ್ಷೆಗೆ ಕಾನೂನಿನ ಬಲವೂ ಇದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ. ಚಾಸಿಸ್ ಅಥವಾ ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೀಗೆ ನೋಂದಾಯಿಸಿದ ಬೈಕನ್ನು ದಿನದ ಓಡಾಟಕ್ಕೆ ಬಳಸುವಂತಿಲ್ಲ, ಪ್ರದರ್ಶನ, ರ್ಯಾಲಿಗಳಿಗೆ ಒಯ್ಯಬಹುದು.

ಹಾಗೆಂದು ಮೈಸೂರಿನ ಬೈಕು ಚೆಕ್ ಬೈಕಿಗಿಂತ ಕೀಳಲ್ಲ. ಎಂಜಿನ್ ಬದಲಾಗಿದ್ದರೂ ಸಾರಿಗೆ ಕಚೇರಿಯಲ್ಲಿ ನಮೂದಿಸಿದ್ದರೆ ಅದು ಮೋಸವಲ್ಲ. ಯಾನೆಚೆಕ್ ಅವರ ಮೊದಲ ಬೈಕು ಜರ್ಮನಿಯದು, ಗೆದ್ದ ಬೈಕಿನ ಎಂಜಿನ್ ಇಂಗ್ಲೆಂಡಿನದು. ಅವರು ಯಾವುದನ್ನೂ ಮುಚ್ಚಿಡಲಿಲ್ಲ. ಬೇರೆಡೆಯಿಂದ ತಂದದ್ದು ನಕಲಿಯಲ್ಲ, ಎಲ್ಲಿಂದ ತಂದದ್ದು ಎಂಬುದನ್ನು ಬಚ್ಚಿಟ್ಟರೆ ಮಾತ್ರ ನಕಲಿ. ಮನೆಯಲ್ಲಿ ಹಳೆ ಜಾವಾ ಇದ್ದವರು ಅದನ್ನು ಮಾರುವ ಮೊದಲು ಪೆಟ್ಟಿಗೆಯಲ್ಲಿರುವ ಆ ಹಳೆಯ ಆರ್‌ಸಿ ಪುಸ್ತಕವನ್ನು ಹುಡುಕಿ ತೆಗೆಯುವುದು ಒಳ್ಳೆಯದು.