ಬೆಳಕನ್ನು ಓದಿದ ವಿಜ್ಞಾನಿ ವೈನು ಬಪ್ಪು

ಮಳೆಬಿಲ್ಲನ್ನು ನೋಡಿ ಆನಂದಪಡದ ಮಕ್ಕಳಿಲ್ಲ. ಆದರೆ ಆ ಏಳು ಬಣ್ಣಗಳಲ್ಲಿ ಒಂದು ಲಿಪಿಯೇ ಅಡಗಿದೆ ಎಂಬುದು ಎಷ್ಟು ಜನರಿಗೆ ಗೊತ್ತು? ಆ ಲಿಪಿಯನ್ನು ಓದಿ ನಕ್ಷತ್ರಗಳ ಗುಟ್ಟನ್ನು ತಿಳಿದವರಲ್ಲಿ ನಮ್ಮ ದೇಶದ ವೈನು ಬಪ್ಪು ಅವರು ಪ್ರಮುಖರು.

ಬಪ್ಪು ಅವರು 1927ರ ಆಗಸ್ಟ್ 10ರಂದು ಮದರಾಸಿನಲ್ಲಿ ಜನಿಸಿದರು. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸದಲ್ಲಿದ್ದರು. ಹೀಗಾಗಿ ದೂರದರ್ಶಕದ ಸಹವಾಸ ಬಾಲಕನಿಗೆ ಬೇಗನೆ ದೊರೆಯಿತು. ಓದುವ ವಯಸ್ಸಿನಲ್ಲಿಯೇ ಅವರು ಬೆಳಕು ಏರಿಳಿಯುವ ನಕ್ಷತ್ರಗಳ ಬಗೆಗೆ ಲೇಖನಗಳನ್ನು ಪ್ರಕಟಿಸಿದರು. ಅಮೆರಿಕದ ಪ್ರಸಿದ್ಧ ಖಗೋಳಜ್ಞ ಹಾರ್ಲೊ ಶಾಪ್ಲಿ ಹೈದರಾಬಾದಿಗೆ ಬಂದಾಗ, ಈ ಯುವಕ ಅವರನ್ನು ಕಂಡು ಮಾತನಾಡಿದರು. ಮುಂದೆ ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ಪಡೆದು 1949ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಸೇರಿದರು. ಆಗ ನಮ್ಮ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳೂ ಅದೇ ಹೈದರಾಬಾದ್ ರಾಜ್ಯದಲ್ಲಿದ್ದವು ಎಂಬುದನ್ನು ನೆನೆದರೆ ಹೆಮ್ಮೆಯಾಗುತ್ತದೆ.

ಹಾರ್ವರ್ಡಿಗೆ ಹೋದ ಕೆಲವೇ ತಿಂಗಳಲ್ಲಿ ಅವರು ಹೊಸ ಧೂಮಕೇತುವೊಂದನ್ನು ಕಂಡುಹಿಡಿದರು. ಅದಕ್ಕೆ ಬಪ್ಪು–ಬಾಕ್–ನ್ಯೂಕರ್ಕ್ ಎಂದು ಹೆಸರಾಯಿತು. ಡಾಕ್ಟರೇಟ್ ಪಡೆದ ಮೇಲೆ ಓಲಿನ್ ವಿಲ್ಸನ್ ಅವರೊಡನೆ ನಕ್ಷತ್ರಗಳ ರೋಹಿತಗಳನ್ನು ಪರೀಕ್ಷಿಸಿದರು. ರೋಹಿತವೆಂದರೆ ಬಿಳಿಯ ಬೆಳಕು ಬಣ್ಣಬಣ್ಣವಾಗಿ ಹರಡಿದ ಪಟ್ಟಿ. ಆ ಪಟ್ಟಿಯಲ್ಲಿ ಕ್ಯಾಲ್ಸಿಯಂ ಧಾತು ಮೂಡಿಸುವ ಒಂದು ಕಪ್ಪು ಗೆರೆಯ ನಡುವೆ ಸಣ್ಣ ಹೊಳಪು ಕಾಣುತ್ತದೆ. ನಕ್ಷತ್ರದ ನಿಜವಾದ ಪ್ರಕಾಶ ಹೆಚ್ಚಿದಷ್ಟೂ ಆ ಹೊಳಪಿನ ಅಗಲವೂ ಹೆಚ್ಚುತ್ತದೆ ಎಂದು ಇಬ್ಬರೂ 1957ರಲ್ಲಿ ತೋರಿಸಿಕೊಟ್ಟರು. ನಿಜವಾದ ಪ್ರಕಾಶ ತಿಳಿದರೆ ದೂರವನ್ನು ಲೆಕ್ಕ ಹಾಕಬಹುದು. ಇದಕ್ಕೆ ವಿಲ್ಸನ್–ಬಪ್ಪು ಪರಿಣಾಮವೆಂದು ಹೆಸರು.

ಇದೇ ವಿದ್ಯೆ ಕ್ಷುದ್ರಗ್ರಹಗಳಿಗೂ ಸಲ್ಲುತ್ತದೆ. ಅವಕ್ಕೆ ಸ್ವಂತ ಬೆಳಕಿಲ್ಲ. ಸೂರ್ಯನ ಬೆಳಕನ್ನೇ ಪ್ರತಿಫಲಿಸುತ್ತವೆ. ಆದರೆ ಮೈಮೇಲಿನ ಖನಿಜಗಳು ಆ ಬೆಳಕಿನ ಕೆಲವು ಭಾಗಗಳನ್ನು ಹೀರಿಕೊಳ್ಳುತ್ತವೆ. ಯಾವ ಭಾಗ ಕಡಿಮೆಯಾಯಿತೆಂದು ಅಳೆದರೆ ಯಾವ ಖನಿಜವಿದೆಯೆಂದು ತಿಳಿಯುತ್ತದೆ. 1970ರಲ್ಲಿ ಅಮೆರಿಕದ ವಿಜ್ಞಾನಿಗಳು ವೆಸ್ಟಾ ಎಂಬ ಕ್ಷುದ್ರಗ್ರಹದಲ್ಲಿ ಪೈರಾಕ್ಸೀನ್ ಖನಿಜದ ಗುರುತನ್ನು ಹೀಗೆಯೇ ಕಂಡರು. ಅದರ ರೋಹಿತ ಭೂಮಿಗೆ ಬಿದ್ದ ಒಂದು ಜಾತಿಯ ಉಲ್ಕಾಶಿಲೆಯ ರೋಹಿತಕ್ಕೆ ಹೊಂದಿತು. 2011ರಲ್ಲಿ ಡಾನ್ ನೌಕೆ ವೆಸ್ಟಾವನ್ನು ತಲುಪಿ, ಈ ತೀರ್ಮಾನ ಸರಿಯೆಂದು ತೋರಿಸಿತು. ಹಲವು ಕ್ಷುದ್ರಗ್ರಹಗಳಲ್ಲಿ ಆಲಿವೀನ್ ಎಂಬ ಖನಿಜವಿದೆ. ನಮ್ಮ ನಾರಾಯಣಪೇಟೆ ಸೀಮೆಯಲ್ಲಿ ದೊರೆತಿರುವ ಕಿಂಬರ್ಲೈಟ್ ಎಂಬ ಶಿಲೆಯ ಮುಖ್ಯ ಖನಿಜಗಳಲ್ಲಿ ಅದೂ ಒಂದು! ಆಕಾಶದ ಕಲ್ಲಿಗೂ ನಮ್ಮ ನೆಲದ ಕಲ್ಲಿಗೂ ಇಂಥ ನಂಟಿದೆ.

ಬಪ್ಪು ಅವರು ಹೊರದೇಶದಲ್ಲಿಯೇ ಸುಖವಾಗಿರಬಹುದಿತ್ತು. ಆದರೆ ದೊಡ್ಡ ಉಪಕರಣಗಳಿಲ್ಲದ ತಾಯ್ನಾಡಿಗೆ ಮರಳಿದರು. ನೈನಿತಾಲದಲ್ಲಿ ವೀಕ್ಷಣಾಲಯವನ್ನು ನೆಲೆಗೊಳಿಸಿದರು. 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ತಮಿಳುನಾಡಿನ ಜವಾದಿ ಬೆಟ್ಟಗಳ ಕಾಡಿನ ನಡುವೆ ಕಾವಲೂರನ್ನು ಆರಿಸಿ, ಅಲ್ಲಿ ಹೊಸ ವೀಕ್ಷಣಾಲಯ ಕಟ್ಟಿದರು. 1971ರಲ್ಲಿ ಅವರ ನೇತೃತ್ವದಲ್ಲಿ ಭಾರತೀಯ ಖಭೌತವಿಜ್ಞಾನ ಸಂಸ್ಥೆ ರೂಪುಗೊಂಡು, ಮುಂದೆ ಬೆಂಗಳೂರಿನಲ್ಲಿ ನೆಲೆಸಿತು.

1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ರಾಯಚೂರು, ಮೆಹಬೂಬ್‌ನಗರ ಪ್ರದೇಶಗಳ ಮೇಲೆ ಹಾದುಹೋಯಿತು. ಅಂದು ದೇಶದ ಅನೇಕ ಊರುಗಳಲ್ಲಿ ಜನ ಹೆದರಿ ಬಾಗಿಲು ಹಾಕಿಕೊಂಡಿದ್ದರು. ಬಪ್ಪು ಅವರ ಸಂಸ್ಥೆಯ ವಿಜ್ಞಾನಿಗಳಾದರೋ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬಿಡಾರ ಹೂಡಿ, ಕತ್ತಲಾದ ಆ ಎರಡು-ಮೂರು ನಿಮಿಷಗಳಿಗಾಗಿ ಉಪಕರಣಗಳನ್ನು ಸಜ್ಜುಗೊಳಿಸಿ ನಿಂತಿದ್ದರು. ಒಂದೇ ನೆರಳು, ಅಜ್ಞಾನಿಗೆ ಭಯವಾಯಿತು, ಜ್ಞಾನಿಗೆ ಪಾಠವಾಯಿತು. ಅಂದು ಏನಾಯಿತೆಂದು ನಿಮ್ಮ ಮನೆಯ ಹಿರಿಯರನ್ನು ಕೇಳಿ ತಿಳಿಯಿರಿ.

ಭಾರತದಲ್ಲಿಯೇ ಒಂದು ದೊಡ್ಡ ದೂರದರ್ಶಕವನ್ನು ತಯಾರಿಸಬೇಕೆಂಬುದು ಬಪ್ಪು ಅವರ ಹಿರಿಯಾಸೆ. 2.34 ಮೀಟರ್ ಅಗಲದ ಅದರ ಕನ್ನಡಿಯನ್ನು ಬೆಂಗಳೂರಿನಲ್ಲಿ ಉಜ್ಜಿ ನಯಗೊಳಿಸುವ ಕಾರ್ಯ ನಡೆಯಿತು. 1979ರಲ್ಲಿ ಅವರು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾದರು; 1981ರಲ್ಲಿ ಪದ್ಮಭೂಷಣ ಪಡೆದರು. ಆದರೆ ವಿಧಿಯಾಟ ಬೇರೆಯೇ ಆಗಿತ್ತು. ಹೃದಯದ ಶಸ್ತ್ರಚಿಕಿತ್ಸೆಯ ನಂತರ 1982ರ ಆಗಸ್ಟ್ 19ರಂದು ಜರ್ಮನಿಯ ಮ್ಯೂನಿಕ್ ನಗರದಲ್ಲಿ ನಿಧನರಾದರು. ಆಗ ಅವರಿಗೆ 55 ವರ್ಷ. ತಮ್ಮ ಕನಸಿನ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡುವ ಭಾಗ್ಯ ಅವರಿಗೆ ಸಿಗಲಿಲ್ಲ. 1986ರಲ್ಲಿ ಅದು ರಾಷ್ಟ್ರಕ್ಕೆ ಅರ್ಪಿತವಾಗಿ, ಅವರ ಹೆಸರನ್ನೇ ಪಡೆಯಿತು. 1988ರಲ್ಲಿ ಕಾವಲೂರಿನಲ್ಲಿಯೇ ಪತ್ತೆಯಾದ ಕ್ಷುದ್ರಗ್ರಹವೊಂದಕ್ಕೆ ಗಣಿತಜ್ಞ ರಾಮಾನುಜನ್ ಅವರ ಹೆಸರಿಡಲಾಯಿತು. 2596ನೆಯ ಕ್ಷುದ್ರಗ್ರಹಕ್ಕೆ ವೈನು ಬಪ್ಪು ಎಂದೇ ಹೆಸರು.

ವಿದ್ಯಾರ್ಥಿ ಮಿತ್ರರೇ, ತಾನು ಹಣ್ಣು ತಿನ್ನದಿದ್ದರೂ ಮುಂದಿನವರಿಗಾಗಿ ಮರ ನೆಡುವವನೇ ಹಿರಿಯ. ಬಪ್ಪು ಅವರು ಅಂಥ ಮರವನ್ನು ನೆಟ್ಟು ಹೋದರು. ಅದರ ನೆರಳಿನಲ್ಲಿ ಕಲಿಯುವ ಅವಕಾಶ ನಮ್ಮ ಗಡಿನಾಡಿನ ಕನ್ನಡ ಮಕ್ಕಳಿಗೂ ಇದೆ. ಅದಕ್ಕೆ ತಕ್ಕ ಶ್ರಮ ಮಾತ್ರ ನಿಮ್ಮದಾಗಲಿ.