ಜೀತದವರಿಗೆ ಊರು ಕಟ್ಟಿದ ಪಾದ್ರಿ

ಸಿದ್ದಾಪುರ ಕಡೆಯ ಬಸ್ಸು ಹತ್ತುವವರಿಗೆ ಆನಂದಪುರ ಗೊತ್ತು. ಅಲ್ಲಿನ ಕ್ರೈಸ್ತ ಸಭೆ ಹೇಗೆ ಹುಟ್ಟಿತು ಅನ್ನೋದು ಬಹಳ ಮಂದಿಗೆ ಗೊತ್ತಿಲ್ಲ.

ಹರ್ಮನ್ ಮೋಗ್ಲಿಂಗ್ 1811ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು. 1836ರಲ್ಲಿ ಬಾಸೆಲ್ ಮಿಷನ್ ಪಾದ್ರಿಯಾಗಿ ಮಂಗಳೂರಿಗೆ ಬಂದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದರು. ದಾಸರ ಪದಗಳನ್ನೂ ಹಳೆಯ ಕಾವ್ಯಗಳನ್ನೂ ಅಚ್ಚು ಹಾಕಿಸಿದರು.

1852ರಲ್ಲಿ ಇನ್ನೇನು ಸ್ವದೇಶಕ್ಕೆ ಹೊರಡಬೇಕು, ಅಷ್ಟರಲ್ಲಿ ಸೋಮಯ್ಯ ಎಂಬ ಕೊಡವ ಸನ್ಯಾಸಿ ವೇಷದಲ್ಲಿ ಬಂದು ದೀಕ್ಷಾಸ್ನಾನ ಕೇಳಿದ. ಪಾದ್ರಿಗಳು ಪ್ರಯಾಣ ಕೈಬಿಟ್ಟು ಅವನ ಜೊತೆ ಘಟ್ಟ ಹತ್ತಿಯೇ ಬಿಟ್ಟರು. 1853ರ ಜನವರಿಯಲ್ಲಿ ಸೋಮಯ್ಯ ಸ್ಟೆಫಾನಸ್ ಆದ.

ಆದರೆ ಅವನ ಹಿಂದೆ ದೊಡ್ಡ ಮನೆತನದವರು ಯಾರೂ ಸಾಲುಗಟ್ಟಲಿಲ್ಲ. ಬಂದವರು ಒಡೆಯರ ಗದ್ದೆಗಳಲ್ಲಿ ಜೀತಕ್ಕಿದ್ದ ಬಡವರು. ಬರೀ ಪ್ರಾರ್ಥನೆ ಕಲಿಸಿ ಕಳಿಸಿದರೆ ಮತ್ತೆ ಅದೇ ಒಡೆಯನ ಅಂಗಳಕ್ಕೇ ಹೋಗಬೇಕು. ಅದಕ್ಕೇ ಮೋಗ್ಲಿಂಗ್ ಅವರಿಗೆ ನೆಲ ಒದಗಿಸಿ ಒಂದು ಊರನ್ನೇ ಕಟ್ಟಿಸಿದರು. ಅದೇ ಆನಂದಪುರ.

ಹೆಂಡತಿಯ ಕಾಯಿಲೆಯಿಂದಾಗಿ 1860ರಲ್ಲಿ ಅವರು ಜರ್ಮನಿಗೆ ಹೊರಟರು. ಮತ್ತೆ ಕೊಡಗು ನೋಡಲಿಲ್ಲ. ಮಂಗಳೂರಿನ ಅವರ ಶಿಷ್ಯ ಕೌಂಡಿನ್ಯರು ಸಭೆ ನೋಡಿಕೊಂಡರು. ಮೋಗ್ಲಿಂಗ್ 1881ರಲ್ಲಿ ತೀರಿಕೊಂಡರು. ಪತ್ರಿಕೆಯ ಲೆಕ್ಕಕ್ಕೆ ಅವರ ಹೆಸರು ಎಲ್ಲರೂ ಹೇಳುತ್ತಾರೆ. ಆನಂದಪುರವನ್ನೂ ಆ ಲೆಕ್ಕಕ್ಕೆ ಸೇರಿಸಬೇಕು.